ಬೇರೆಯವರ ಮನೆಯಲ್ಲಿ ವೆಲ್ಡಿಂಗ್ ಮಾಡುವವರಿಗೆ ಯಾವ ಇನ್ಶೂರೆನ್ಸ್?

ಪ್ರಶ್ನೆ: ಬದಿಯಡ್ಕದ ಹತ್ತಿರ ನನ್ನದೊಂದು ಸಣ್ಣ ವೆಲ್ಡಿಂಗ್ ಶಾಪ್ ಇದೆ. ತಾರಸಿಗೆ, ಅಡಿಕೆ ಅಂಗಳಕ್ಕೆ ಶೀಟಿನ ಮಾಡು ಹಾಕಿಕೊಡುವುದೇ ಮುಖ್ಯ ಕೆಲಸ. ಮೂವರು ಹುಡುಗರಿದ್ದಾರೆ, ಅದರಲ್ಲಿ ಇಬ್ಬರು ಒಡಿಶಾದವರು. ಪೆರ್ಲ, ಕುಂಬಳೆ ಅಲ್ಲದೆ ಗಡಿ ದಾಟಿ ಕರ್ನಾಟಕದ ವಿಟ್ಲ, ಪುತ್ತೂರಿಗೂ ಹೋಗುತ್ತೇವೆ. ಕಳೆದ ಬೇಸಿಗೆಯಲ್ಲಿ ಒಂದು ಮನೆಯಲ್ಲಿ ವೆಲ್ಡಿಂಗ್ ಕಿಡಿ ಅಡಿಕೆ ಸಿಪ್ಪೆಯ ರಾಶಿಗೆ ಬಿದ್ದು ಹೊಗೆ ಎದ್ದಿತ್ತು, ಪುಣ್ಯಕ್ಕೆ ಬೇಗ ಕಣ್ಣಿಗೆ ಬಿತ್ತು. ಏಜೆಂಟ್ 10 ಲಕ್ಷದ ಪಬ್ಲಿಕ್ ಲಯಬಿಲಿಟಿ ಪಾಲಿಸಿ (ನಮ್ಮ ಕೆಲಸದಿಂದ ಹೊರಗಿನವರಿಗೆ ನಷ್ಟವಾದರೆ ಕೊಡುವಂಥದ್ದು) ಮಾಡಿ ಅನ್ನುತ್ತಾರೆ. ಬ್ಯಾಂಕ್ ಸಾಲದ ಜೊತೆ ಶಾಪಿಗೆ ಒಂದು ಇನ್ಶೂರೆನ್ಸ್ ಆಗಲೇ ಇದೆ. ಇನ್ನೊಂದು ಬೇಕಾ?

ಉತ್ತರ: ಬೇಕು. ಆದರೆ ಏಜೆಂಟ್ ಹೇಳಿದ್ದು ನಿಮಗೆ ಮೊದಲು ಬೇಕಾದದ್ದಲ್ಲ.

ಬ್ಯಾಂಕಿನವರು ಮಾಡಿಸಿದ್ದು ಹೆಚ್ಚಾಗಿ ಬೆಂಕಿ, ಕಳ್ಳತನದ ಪಾಲಿಸಿ. ನಿಮ್ಮ ಶಾಪ್, ನಿಮ್ಮ ಮಿಷಿನ್, ನಿಮ್ಮ ಸ್ಟಾಕು, ಅಷ್ಟಕ್ಕೇ ಅದು. ನಿಮ್ಮಿಂದ ಬೇರೆಯವರಿಗೆ ನಷ್ಟವಾದರೆ ಅದರಿಂದ ಒಂದು ರೂಪಾಯಿಯೂ ಬರುವುದಿಲ್ಲ. ಕೆಲವರ ಹತ್ತಿರ ಶಾಪ್‌ಕೀಪರ್ ಪ್ಯಾಕೇಜ್ ಇರುತ್ತದೆ, ಅದರಲ್ಲಿ ಲಯಬಿಲಿಟಿಯ ಭಾಗವೂ ಇರಬಹುದು. ಆದರೆ ಅದು ಸಾಮಾನ್ಯವಾಗಿ ಅಂಗಡಿಯೊಳಗೆ ನಡೆಯುವ ಅಪಘಾತಕ್ಕೆ. ನಿಮ್ಮ ಕೆಲಸ ನಡೆಯುವುದು ಬೇರೆಯವರ ಮಾಡಿನ ಮೇಲೆ ಅಲ್ವಾ?

ಮೊದಲು ಬೇಕಾದದ್ದು ಹುಡುಗರಿಗೆ. ಜಿಐ ಪೈಪ್ ಎತ್ತಿ ತಿರುಗಿಸುವಾಗ ಅದರ ತುದಿ ಕರೆಂಟ್ ಲೈನಿಗೆ ತಾಗುವುದು, ಹಳೆ ಶೀಟಿನ ಮೇಲೆ ಕಾಲಿಟ್ಟು ಕೆಳಗೆ ಬೀಳುವುದು, ಇವು ನಿಮ್ಮ ಕಸುಬಿನಲ್ಲಿ ನಿತ್ಯದ ಅಪಾಯ. ಇಂಥ ಅಪಘಾತಕ್ಕೆ ಪರಿಹಾರ ಕೊಡುವ ಹೊಣೆ ಮಾಲೀಕರದ್ದು, ನಿಮ್ಮ ತಪ್ಪು ಇಲ್ಲದಿದ್ದರೂ. 1923ರ ಕಾಯ್ದೆಯಿಂದ ಬಂದ ಈ ನಿಯಮ ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. ಲೆಕ್ಕ ಹೀಗೆ: ತಿಂಗಳ ಸಂಬಳದ ಅರ್ಧವನ್ನು ವಯಸ್ಸಿಗೆ ತಕ್ಕ ಒಂದು ಸಂಖ್ಯೆಯಿಂದ ಗುಣಿಸಬೇಕು. 30 ವರ್ಷಕ್ಕೆ ಆ ಸಂಖ್ಯೆ 207.98. ಸಂಬಳವನ್ನು 15,000 ರೂಪಾಯಿ ಅಂತ ಹಿಡಿದರೂ ಒಂದು ಸಾವಿಗೆ ಸುಮಾರು 15.6 ಲಕ್ಷ ಆಗುತ್ತದೆ. ಶಾಶ್ವತವಾಗಿ ಪೂರ್ತಿ ಅಂಗವೈಕಲ್ಯವಾದರೆ ಅರ್ಧದ ಬದಲು ಶೇ 60, ಅಂದರೆ ಇನ್ನೂ ಜಾಸ್ತಿ. ನಿಮ್ಮಂಥ ಶಾಪ್ ಅದನ್ನು ಕೈಯಿಂದ ಕೊಟ್ಟು ಉಳಿಯುವುದು ಕಷ್ಟ. ಹತ್ತು ಜನಕ್ಕಿಂತ ಕಮ್ಮಿ ಇರುವ ಕಡೆ ಸಾಮಾನ್ಯವಾಗಿ ಇಎಸ್‌ಐ (ಕೆಲಸಗಾರರಿಗಿರುವ ಸರ್ಕಾರಿ ವಿಮೆ) ಕೂಡ ಇರುವುದಿಲ್ಲ.

ಪಬ್ಲಿಕ್ ಲಯಬಿಲಿಟಿ ಪಾಲಿಸಿ ನಿಮ್ಮ ಸ್ವಂತ ಕೆಲಸಗಾರರಿಗೆ ಅನ್ವಯಿಸುವುದಿಲ್ಲ. ಹಾಗಾಗಿ ಕೆಲಸಗಾರರ ಪರಿಹಾರವನ್ನು ನಿಮ್ಮ ಬದಲು ಕೊಡುವ ವರ್ಕ್‌ಮೆನ್ ಕಾಂಪನ್ಸೇಷನ್ ಪಾಲಿಸಿಯನ್ನು ಮೊದಲು ಮಾಡಿ, ಈಗ ಅದನ್ನು ಎಂಪ್ಲಾಯೀಸ್ ಕಾಂಪನ್ಸೇಷನ್ ಅಂತಲೂ ಕರೆಯುತ್ತಾರೆ. ಅದರಲ್ಲಿ ಆಸ್ಪತ್ರೆ ಖರ್ಚಿಗೆ ಎಷ್ಟು ಮಿತಿ ಇದೆ ಅಂತ ಕೇಳಿ. ಚಿಕಿತ್ಸೆಯ ಖರ್ಚು ಕೊಡುವುದೂ ಮಾಲೀಕರ ಹೊಣೆಯೇ, ಆದರೆ ತುಂಬಾ ಪಾಲಿಸಿಗಳಲ್ಲಿ ಅದಕ್ಕೆ ಬೇರೆ ಪ್ರೀಮಿಯಂ ಕಟ್ಟಿ ಸೇರಿಸಿಕೊಳ್ಳಬೇಕು. ಪ್ರೀಮಿಯಂ ಉಳಿಸಲು ಸಂಬಳ ಕಮ್ಮಿ ತೋರಿಸಬೇಡಿ. ಮಾಡಿನ ಮೇಲೆ ಹತ್ತುವವನನ್ನು ಹೆಲ್ಪರ್ ಅಂತ ಬರೆಸಬೇಡಿ. ಕ್ಲೇಮ್ ಬಂದ ದಿನ ಕಂಪನಿ ಮೊದಲು ಹಿಡಿಯುವುದೇ ಅದನ್ನು.

ಇನ್ನು ಪಬ್ಲಿಕ್ ಲಯಬಿಲಿಟಿ. ನಿಮ್ಮ ಸಿಪ್ಪೆ ರಾಶಿಯ ಕಥೆಗೆ ಇದೇ ಬೇಕಾದದ್ದು, ಆದರೆ 10 ಲಕ್ಷವೋ 25 ಲಕ್ಷವೋ ಅನ್ನುವುದಕ್ಕಿಂತ ಮೊದಲು ಷೆಡ್ಯೂಲ್‌ನಲ್ಲಿ (ಪಾಲಿಸಿಯ ವಿವರದ ಹಾಳೆಯಲ್ಲಿ) ಏನು ಬರೆದಿದ್ದಾರೆ ಅಂತ ನೋಡಿ. ಬರೀ ಬದಿಯಡ್ಕದ ಶಾಪಿನ ವಿಳಾಸ ಇದ್ದರೆ ವಿಟ್ಲದ ಮನೆಯಲ್ಲಿ ಹತ್ತಿದ ಬೆಂಕಿಗೆ ಕಂಪನಿ ಕೈ ಎತ್ತಬಹುದು. ಗ್ರಾಹಕರ ಜಾಗದಲ್ಲಿ ವೆಲ್ಡಿಂಗ್, ಎತ್ತರದ ಕೆಲಸ, ಕೇರಳ ಮತ್ತು ಕರ್ನಾಟಕ ಎರಡೂ ಕಡೆ, ಇಷ್ಟೂ ಬರಹದಲ್ಲಿ ಇರಬೇಕು. ಏಜೆಂಟ್ ಬಾಯಿಮಾತಲ್ಲಿ ಹೇಳಿದ್ದಕ್ಕೆ ಬೆಲೆ ಇಲ್ಲ.

ಮಾಡು ಹಾಕಿ ದುಡ್ಡು ತೆಗೆದುಕೊಂಡು ಬಂದ ಮೇಲೆ, ಮಳೆಗಾಲದ ಗಾಳಿಗೆ ಶೀಟ್ ಕಿತ್ತು ಪಕ್ಕದ ಮನೆಯವರ ಕಾರಿನ ಮೇಲೆ ಬಿದ್ದರೆ? ಕೆಲಸ ನಡೆಯುವಾಗಿನ ಅಪಘಾತಕ್ಕೆ ಮಾತ್ರ ಇರುವ ಪಾಲಿಸಿಯಲ್ಲಿ ಇದು ಬರುವುದಿಲ್ಲ. ಪ್ರಾಡಕ್ಟ್ ಲಯಬಿಲಿಟಿ ಮತ್ತು ಕಂಪ್ಲೀಟೆಡ್ ಆಪರೇಷನ್ಸ್ ಅನ್ನುವ ಭಾಗ ಬೇಕು. ಕಮರ್ಷಿಯಲ್ ಜನರಲ್ ಲಯಬಿಲಿಟಿ ಪಾಲಿಸಿಯಲ್ಲಿ ಇದು ಒಟ್ಟಿಗೆ ಸಿಗುತ್ತದೆ. ನನ್ನನ್ನು ಕೇಳಿದರೆ ನಿಮಗೆ ಅದೇ ಸರಿ, ಸ್ವಲ್ಪ ದುಬಾರಿ ಆದರೂ. ಆದರೆ ನೀವು ಹಾಕಿದ ಮಾಡನ್ನೇ ರಿಪೇರಿ ಮಾಡುವ ಖರ್ಚು ಯಾವ ಪಾಲಿಸಿಯಲ್ಲೂ ಸಿಗುತ್ತದೆ ಅಂತ ನಂಬಬೇಡಿ. ಗ್ರೈಂಡರ್ ಕಿಡಿಗೆ ಕಿಟಕಿ ಗಾಜಿನಲ್ಲಿ ಕಲೆ ಕೂತರೆ ಅದಕ್ಕೂ ಜಗಳ ಇದೆ, ಕೆಲಸ ಮಾಡುತ್ತಿದ್ದ ವಸ್ತುವಿನ ಹಾನಿಯನ್ನು ಹೊರಗಿಡುವ ಷರತ್ತು ಇರುತ್ತದೆ. ಅಂಥ ಕಡೆ ಒಂದು ಒದ್ದೆ ಗೋಣಿ ಕಟ್ಟುವುದೇ ಒಳ್ಳೆಯದು.

ರಿನ್ಯೂವಲ್ ಒಂದು ದಿನವೂ ತಪ್ಪಿಸಬೇಡಿ. ನಮ್ಮಲ್ಲಿನ ತುಂಬಾ ಲಯಬಿಲಿಟಿ ಪಾಲಿಸಿಗಳಲ್ಲಿ ಅಪಘಾತವಾದ ದಿನವೂ ಕ್ಲೇಮ್ ಬರುವ ದಿನವೂ ಎರಡೂ ಪಾಲಿಸಿಯೊಳಗೆ ಇರಬೇಕು. ಮಧ್ಯೆ ಬಿಟ್ಟು ಹೊಸದು ಮಾಡಿದರೆ ಹಳೆಯ ಕೆಲಸಗಳ ರಕ್ಷಣೆ ಹೋಗಬಹುದು.

ಈಗ ಒಂದು ವಿಷಯ, ಇದು ನಮ್ಮ ಊರಿನವರಿಗೇ ಹೆಚ್ಚು ಅನ್ವಯ. ಏನಾದರೂ ಆದರೆ ನಾಲ್ಕು ಜನ ಸೇರುತ್ತಾರೆ, ಅಂಗಳದಲ್ಲೇ ಪಂಚಾಯ್ತಿ ಆಗುತ್ತದೆ, ಮುಖ ನೋಡಿ ದಾಕ್ಷಿಣ್ಯಕ್ಕೆ ‘ಆಯ್ತು ಭಟ್ರೇ, ನಷ್ಟ ನಾನೇ ಕೊಡ್ತೇನೆ’ ಅಂದುಬಿಡುತ್ತೇವೆ, ಕೆಲವರು ಚೀಟಿಯಲ್ಲಿ ಬರೆದೂ ಕೊಡುತ್ತಾರೆ. ಆ ಮಾತಿನಿಂದಲೇ ಕ್ಲೇಮ್ ಬಿದ್ದುಹೋಗಬಹುದು. ಕಂಪನಿಯ ಒಪ್ಪಿಗೆ ಇಲ್ಲದೆ ಹೊಣೆ ಒಪ್ಪಿಕೊಳ್ಳಬಾರದು, ದುಡ್ಡು ಕೊಡಬಾರದು ಅಂತ ಪಾಲಿಸಿಯಲ್ಲೇ ಷರತ್ತು ಇರುತ್ತದೆ. ಗಾಯಾಳುವನ್ನು ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಅದಕ್ಕೆ ಯಾರನ್ನೂ ಕೇಳುವುದು ಬೇಡ. ‘ಇನ್ಶೂರೆನ್ಸ್ ಇದೆ, ಇವತ್ತೇ ತಿಳಿಸುತ್ತೇನೆ’ ಅನ್ನಿ. ಫೋಟೋ ತೆಗೆಯಿರಿ. ಅವತ್ತೇ ಕಂಪನಿಗೆ ಬರಹದಲ್ಲಿ ತಿಳಿಸಿ.

ಅರ್ಜಿ ಇಂಗ್ಲಿಷಲ್ಲಿ, ಏಜೆಂಟ್ ವಿವರಿಸುವುದು ಮಲಯಾಳದಲ್ಲಿ, ನಾವು ಸಹಿ ಹಾಕುವುದು ಕನ್ನಡದಲ್ಲಿ. ಸುಮ್ನೆ ಸಹಿ ಹಾಕಬೇಡಿ. ನಿಮಗೆ ತಿಳಿಯುವ ಭಾಷೆಯಲ್ಲಿ ವಿವರಿಸಿದ್ದೇನೆ ಅನ್ನುವ ಘೋಷಣೆಯನ್ನು ಬರೆಸಿಕೊಳ್ಳಿ, ತುಂಬಿಸಿದ ಅರ್ಜಿಯ ಕಾಪಿ ಕೇಳಿ ಇಟ್ಟುಕೊಳ್ಳಿ.

ಎರಡು ಮೂರು ಕಂಪನಿಯ ಕೊಟೇಶನ್ ತರಿಸಿ ನೋಡಿ, ಪ್ರೀಮಿಯಂ ಮೇಲೆ ಶೇ 18 ಜಿಎಸ್‌ಟಿ ಸೇರುತ್ತದೆ. 10 ಲಕ್ಷ ಅನ್ನುವುದು ಒಂದು ಅಪಘಾತಕ್ಕೋ ಇಡೀ ವರ್ಷಕ್ಕೋ ಅಂತಲೂ ಕೇಳಿ, ಎರಡಕ್ಕೂ ಬೇರೆ ಬೇರೆ ಮಿತಿ ಇರುತ್ತದೆ. ಮುಂದೆ ಕ್ಲೇಮ್ ತಳ್ಳಿಹಾಕಿದರೆ ಮೊದಲು ಕಂಪನಿಗೇ ದೂರು ಬರೆಯಿರಿ. ಒಂದು ತಿಂಗಳಲ್ಲಿ ಸರಿಯಾಗದಿದ್ದರೆ ಇನ್ಶೂರೆನ್ಸ್ ದೂರುಗಳನ್ನು ಕೇಳಿ ತೀರ್ಮಾನ ಕೊಡುವ ಕೊಚ್ಚಿಯ ಇನ್ಶೂರೆನ್ಸ್ ಓಂಬುಡ್ಸ್‌ಮನ್‌ಗೆ ಹೋಗಬಹುದು. ನಿಮ್ಮಂಥ ಒಬ್ಬರೇ ಮಾಲೀಕರ ಶಾಪ್‌ಗಳ ದೂರನ್ನೂ ಅಲ್ಲಿ ತೆಗೆದುಕೊಳ್ಳುತ್ತಾರೆ. ಫೀಸಿಲ್ಲ, ವಕೀಲರೂ ಬೇಡ.