ಟೆನಿಸ್‌ನಲ್ಲಿ ಅತಿ ಹೆಚ್ಚು ಗ್ರ್ಯಾಂಡ್ ಸ್ಲಾಮ್ ಗೆದ್ದವರು ಯಾರು?

ಸಿಂಗಲ್ಸ್ ಲೆಕ್ಕದಲ್ಲಿ ಜೊಕೊವಿಚ್, 24. ಮಾರ್ಗರೆಟ್ ಕೋರ್ಟ್ ಅವರದೂ 24, ಆದರೆ ಅದರಲ್ಲಿ 13 ಬಂದಿದ್ದು 1968ಕ್ಕೆ ಮುಂಚೆ, ವೃತ್ತಿಪರರಿಗೆ ಪ್ರವೇಶವೇ ಇಲ್ಲದಿದ್ದ ಕಾಲದಲ್ಲಿ. ಸೆರೆನಾ 23, ನಡಾಲ್ 22, ಫೆಡರರ್ 20.

ದಾವಣಗೆರೆಯಲ್ಲಿ ನಮ್ಮ ಗೆಳೆಯರ ನಡುವೆ ಈ ವಾದ ಶುರುವಾದರೆ ತಟ್ಟೆಯಲ್ಲಿ ಬೆಣ್ಣೆ ದೋಸೆ ಆರಿ ತಣ್ಣಗಾದರೂ ಮುಗಿಯಲ್ಲ. ನನಗಂತೂ ಒಟ್ಟು ಲೆಕ್ಕಕ್ಕಿಂತ ನಡಾಲ್ ಅವರ ಫ್ರೆಂಚ್ ಓಪನ್ ದಾಖಲೆಯೇ ಜಾಸ್ತಿ ಬೆರಗು. ಒಂದೇ ಟೂರ್ನಿಯಲ್ಲಿ 14 ಪ್ರಶಸ್ತಿ! ಅಲ್ಲಿ ಆಡಿದ 116 ಪಂದ್ಯಗಳಲ್ಲಿ ಸೋತಿದ್ದು ಬರೀ 4. ಮಣ್ಣಿನ ಅಂಕಣದಲ್ಲಿ ಚೆಂಡು ನಿಧಾನವಾಗಿ, ಎತ್ತರಕ್ಕೆ ಪುಟಿಯುತ್ತೆ. ಅವರ ಎಡಗೈ ಟಾಪ್‌ಸ್ಪಿನ್‌ಗೆ (ಚೆಂಡು ಮುಂದಕ್ಕೆ ಸುತ್ತುವಂತೆ ಹೊಡೆಯುವ ಹೊಡೆತ) ಅದು ಹೇಳಿ ಮಾಡಿಸಿದ ಹಾಗಿತ್ತು.

ಅಂದಹಾಗೆ, ನಮ್ಮ ಕೊಡಗಿನ ರೋಹನ್ ಬೋಪಣ್ಣ 2024ರಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಾಗ ವಯಸ್ಸು 43!