ಕಾಲರ್ ಮೇಲಿನ ಗುಳ್ಳೆ, ಜಗ್ಗುವ ಲೈನಿಂಗ್, ಅಲೆಯೆದ್ದ ಲೇಸ್: ಮೂರಕ್ಕೂ ಸೇರಿಸಿ ಉತ್ತರ

ನಮ್ಮ ಹೊಲಿಗೆ ಗುಂಪಿನಲ್ಲಿ ನೀವು ಮೂರು ತೊಂದರೆಗಳನ್ನು ಬರೆದಿದ್ದೀರಿ. ಲಿನನ್ ಅಂಗಿಯ ಕಾಲರ್ ಎರಡನೇ ಒಗೆತಕ್ಕೇ ಗುಳ್ಳೆಗಳಿಂದ ತುಂಬಿದೆ. ಜಾಕೆಟ್ಟಿನ ಕೆಳಅಂಚು ಒಳಮುಖವಾಗಿ ಜಗ್ಗಿಕೊಂಡು ಬೆನ್ನಿನ ಭಾಗ ಬಿಗಿಯುತ್ತಿದೆ. ಟಾಪ್‌ನ ಯೋಕ್‌ಗೆ (ಎದೆ-ಭುಜದ ಮೇಲ್ಭಾಗದ ತುಂಡಿಗೆ) ಹಚ್ಚಿದ ಲೇಸ್ ಒಗೆದ ಮೇಲೆ ಅಲೆಯಲೆಯಾಗಿ ಎದ್ದಿದೆ. ಮಷಿನ್ನಿನ ಟೆನ್ಷನ್ (ದಾರದ ಬಿಗಿತ) ಕೆಟ್ಟಿರಬಹುದೇ ಎಂದು ಕೇಳಿದ್ದೀರಿ. ನೀವು ಹಾಕಿರುವ ಚಿತ್ರಗಳಲ್ಲಿ ಹೊಲಿಗೆ ಒಪ್ಪವಾಗಿಯೇ ಇದೆ, ಆದ್ದರಿಂದ ಮಷಿನ್ನನ್ನು ಬಿಚ್ಚಲು ಹೋಗಬೇಡಿ. ನೀರು, ಶಾಖ ಮತ್ತು ಎಳೆತಕ್ಕೆ ಬೇರೆಬೇರೆಯಾಗಿ ವರ್ತಿಸುವ ಎರಡು ಬಟ್ಟೆಗಳನ್ನು ಒಂದಕ್ಕೊಂದು ಕಟ್ಟಿಹಾಕಿರುವುದೇ ಈ ಮೂರಕ್ಕೂ ಮುಖ್ಯ ಕಾರಣವೆಂದು ನನಗೆ ಕಾಣುತ್ತದೆ.

ನೇಯುವಾಗ ಮತ್ತು ಫಿನಿಷಿಂಗ್ ಮಾಡುವಾಗ ಎಳೆದು ಹಿಡಿದಿದ್ದ ಹತ್ತಿ ಅಥವಾ ಲಿನನ್ ನೂಲು ಮೊದಲ ಒಗೆತಗಳಲ್ಲಿ ಆ ಬಿಗಿತವನ್ನು ಬಿಟ್ಟುಕೊಟ್ಟು ಕುಗ್ಗುತ್ತದೆ. ಶಾಖದಿಂದ ಸ್ಥಿರಗೊಳಿಸಿದ ಪಾಲಿಯೆಸ್ಟರ್ ಮನೆಯ ಒಗೆತಕ್ಕೆ ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ. ಹೀಗಾಗಿ ಎರಡು ಪದರಗಳಲ್ಲಿ ಯಾವುದು ಸಡಿಲವಾಗಿ ಉಬ್ಬಿದೆಯೋ ಅದು ಕುಗ್ಗದೆ ಉಳಿದದ್ದು, ಯಾವುದು ಬಿಗಿದು ನಿಂತಿದೆಯೋ ಅದು ಕುಗ್ಗಿದ್ದು. ಈ ಒಂದು ಲಕ್ಷಣವನ್ನು ಗಮನಿಸಿದರೆ ಅರ್ಧ ರೋಗನಿರ್ಣಯ ಮುಗಿದಂತೆಯೇ.

ಮೊದಲು ಕಾಲರ್. ಕಾಲರ್ ಬಿರುಸಾಗಿ ನಿಲ್ಲಲೆಂದು ಒಳಗೆ ಅಂಟಿಸುವ, ದರ್ಜಿಗಳು ಪೇಸ್ಟಿಂಗ್ ಎಂದು ಕರೆಯುವ ಅಂಟಿನ ಇಂಟರ್‌ಫೇಸಿಂಗ್‌ನಲ್ಲಿ ಒಂದು ತಳಬಟ್ಟೆ ಇರುತ್ತದೆ, ಅದರ ಒಂದು ಮೈಗೆ ಶಾಖಕ್ಕೆ ಕರಗುವ ರಾಳದ ಸಣ್ಣ ಚುಕ್ಕೆಗಳಿರುತ್ತವೆ. ತಳಬಟ್ಟೆ ನೇಯ್ದದ್ದಾಗಿರಬಹುದು, ಹೆಣೆದದ್ದಾಗಿರಬಹುದು, ಇಲ್ಲವೇ ನೇಯದೆ ಎಳೆಗಳನ್ನು ಒತ್ತಿ ಮಾಡಿದ ಕಾಗದದಂಥ ಹಾಳೆಯಾಗಿರಬಹುದು. ಆ ಕಾಗದದಂಥದ್ದು ಸುಲಭವಾಗಿ ಸಿಗುತ್ತದೆ, ಅಗ್ಗವೂ ಹೌದು, ಆದರೆ ಲಿನನ್‌ನಂತಹ ಜೀವವಿರುವ ಬಟ್ಟೆಯ ಕೆಳಗೆ ಅದು ಪೆಡಸಾಗಿ ನಿಲ್ಲುತ್ತದೆ, ಮಡಚಿದಲ್ಲಿ ಮುರಿದ ಗೆರೆ ಕಾಣಿಸುತ್ತದೆ. ಅಂಗಿಯ ಕಾಲರ್‌ಗೆ ನಾನಂತೂ ನೇಯ್ದ ಹತ್ತಿಯ ಇಂಟರ್‌ಫೇಸಿಂಗನ್ನೇ ಆರಿಸುತ್ತೇನೆ. ಅದಕ್ಕೆ ಹಾಸು ಹೊಕ್ಕುಗಳಿರುವುದರಿಂದ ಮೇಲುಬಟ್ಟೆಯ ದಿಕ್ಕಿಗೆ ಸರಿಯಾಗಿ ಇಟ್ಟೇ ಕತ್ತರಿಸಬೇಕು. ತೂಕದ ವಿಷಯದಲ್ಲಿ ನನ್ನ ನಿಯಮ ಸರಳ: ಒಳಗಿನದು ಹೊರಗಿನದಕ್ಕಿಂತ ಹಗುರವಾಗಿರಲಿ, ಏಕೆಂದರೆ ಅಂಟು ಕರಗಿ ಇಳಿದ ಮೇಲೆ ಎರಡೂ ಸೇರಿ ನೀವು ಅಂಗಡಿಯಲ್ಲಿ ಬೆರಳಲ್ಲಿ ಹಿಡಿದು ನೋಡಿದ್ದಕ್ಕಿಂತ ಗಟ್ಟಿಯಾಗುತ್ತವೆ.

ಗುಳ್ಳೆಗೆ ಎರಡು ಕಾರಣಗಳಿರಬಹುದು, ಎರಡಕ್ಕೂ ಪರಿಹಾರ ಬೇರೆ. ಒಂದು, ಕುಗ್ಗುವಿಕೆಯ ವ್ಯತ್ಯಾಸ. ಲಿನನ್ನನ್ನು ಕತ್ತರಿಸುವ ಮೊದಲು, ಮುಂದೆ ಉಡುಪನ್ನು ಹೇಗೆ ಒಗೆಯುವಿರೋ ಹಾಗೆಯೇ ಒಗೆದು ಒಣಗಿಸಬೇಕು, ಒಮ್ಮೆಗಿಂತ ಎರಡು ಸಲವಾದರೆ ಇನ್ನೂ ಒಳ್ಳೆಯದು. ನೇಯ್ದ ಇಂಟರ್‌ಫೇಸಿಂಗನ್ನು ಬಿಸಿ ನಲ್ಲಿನೀರಿನಲ್ಲಿ ಸುಮಾರು 20 ನಿಮಿಷ ನೆನೆಸಿ, ಹಿಂಡದೆ, ನೀರು ಸೋರಲು ಬಿಟ್ಟು ನೆರಳಿನಲ್ಲಿ ಹರಡಬೇಕು. ಅಂಟು ಕರಗುವುದು ಇಸ್ತ್ರಿಯ ಶಾಖಕ್ಕೇ ಹೊರತು ನಲ್ಲಿನೀರಿನ ಬಿಸಿಗಲ್ಲ, ಆದ್ದರಿಂದ ಹೆದರಬೇಕಿಲ್ಲ. ಡ್ರೈಯರ್‌ಗೆ ಮಾತ್ರ ಹಾಕಬೇಡಿ, ಇಸ್ತ್ರಿಯನ್ನೂ ಮಾಡಬೇಡಿ.

ಇನ್ನೊಂದು ಕಾರಣ, ಅರೆಬರೆ ಅಂಟಿಕೆ. ಅಂಟು ಹಿಡಿಯಲು ಶಾಖ, ಒತ್ತಡ, ಸಮಯ ಮೂರೂ ಬೇಕು. ಕಾರ್ಖಾನೆಯ ಪ್ರೆಸ್ಸಿನ ಒತ್ತಡ ಮನೆಯ ಇಸ್ತ್ರಿಪೆಟ್ಟಿಗೆಯಲ್ಲಿ ಸಿಗುವುದಿಲ್ಲವಾದ್ದರಿಂದ ಆ ಕೊರತೆಯನ್ನು ಸಮಯ ಕೊಟ್ಟು ತುಂಬಬೇಕಾಗುತ್ತದೆ. ಕಂಪನಿಯ ಸೂಚನೆ ಬೇರೆ ಇಲ್ಲದಿದ್ದರೆ ಒಂದೊಂದು ಜಾಗದಲ್ಲಿ 10ರಿಂದ 15 ಸೆಕೆಂಡು ಮೈಭಾರ ಹಾಕಿ ಒತ್ತಿರಿ. ಇಸ್ತ್ರಿಪೆಟ್ಟಿಗೆಯನ್ನು ಜಾರಿಸದೆ, ಎತ್ತಿ ಪಕ್ಕಕ್ಕೆ ಇಟ್ಟು, ಹಿಂದಿನ ಜಾಗದ ಮೇಲೆ ಸ್ವಲ್ಪ ಹತ್ತಿಸಿ ಒತ್ತುತ್ತಾ ಹೋಗಬೇಕು; ಜಾರಿಸಿದರೆ ಕರಗಿದ ಅಂಟಿನ ಮೇಲೆ ಬಟ್ಟೆ ಸರಿದು ಅಲ್ಲಿಯೇ ಸುಕ್ಕು ಕೂತುಬಿಡುತ್ತದೆ. ಸ್ಟೀಮ್ ಪೆಟ್ಟಿಗೆಯ ತಳದಲ್ಲಿ ರಂಧ್ರಗಳಿರುವ ಕಡೆ ಬಟ್ಟೆಗೆ ಒತ್ತಡವೇ ಬೀಳುವುದಿಲ್ಲ ಎಂಬುದನ್ನು ಬಹಳ ಜನ ಗಮನಿಸಿರುವುದಿಲ್ಲ. ಆದ್ದರಿಂದ ಎರಡನೇ ಸುತ್ತಿನಲ್ಲಿ ಪೆಟ್ಟಿಗೆಯನ್ನು ಸ್ವಲ್ಪ ಸರಿಸಿ ಇಡಿ. ಮುಗಿದ ಮೇಲೆ ತುಂಡನ್ನು ಅಲ್ಲಿಯೇ ಆರಲು ಬಿಡಿ. ಬಿಸಿಯಿರುವಾಗ ಎತ್ತಿದರೆ ಅಂಟು ಗಟ್ಟಿಯಾಗುವ ಮೊದಲೇ ಬಿಡಿಸಿದಂತಾಗುತ್ತದೆ. ಆರಿದ ಮೇಲೆ ಒಂದು ಮೂಲೆಯನ್ನು ಉಗುರಿನಿಂದ ಎಬ್ಬಿಸಿ ನೋಡಿ, ಸುಲಭವಾಗಿ ಬಂದರೆ ಒಗೆತದಲ್ಲಿ ಅದು ನಿಲ್ಲುವುದಿಲ್ಲ. ಶಾಖ ಅತಿಯಾದರೂ ತೊಂದರೆಯೇ, ಅಂಟು ತೆಳುಬಟ್ಟೆಯ ಹೊರಮೈಗೆ ಚುಕ್ಕೆಚುಕ್ಕೆಯಾಗಿ ಮೂಡುತ್ತದೆ. ಉಳಿದ ಚೂರುಬಟ್ಟೆಯ ಅರ್ಧಭಾಗಕ್ಕೆ ಮಾತ್ರ ಅಂಟಿಸಿ, ಒಗೆದು, ಒಣಗಿಸಿ ನೋಡಿದ ನಂತರವೇ ಕಾಲರ್‌ಗೆ ಕೈಹಾಕಿ. ಆ ಚೂರನ್ನು ನೋಡಿದರೆ ಸಾಕು, ಲೇಬಲ್ಲಿನಲ್ಲಿ ಬರೆದಿರುವುದನ್ನು ಅಷ್ಟಾಗಿ ನಂಬಬೇಕಿಲ್ಲ.

ಕಾಲರ್ ಅಂಚಿನಲ್ಲಿ ಒಳಪದರ ಹೊರಕ್ಕೆ ಇಣುಕುತ್ತಿರುವುದನ್ನೂ ಚಿತ್ರದಲ್ಲಿ ಕಂಡೆ. ಮೇಲುಕಾಲರ್ ಹೊರಬಾಗಿಗೆ ಸುತ್ತಿಕೊಂಡು ಹೋಗಬೇಕಾದ್ದರಿಂದ ಅದಕ್ಕೆ ಒಳಕಾಲರ್‌ಗಿಂತ ಹೆಚ್ಚು ಬಟ್ಟೆ ಬೇಕು. ಕುತ್ತಿಗೆಯ ಬದಿಯನ್ನು ಬಿಟ್ಟು ಉಳಿದ ಮೂರು ಬದಿಗಳಲ್ಲಿ ತೆಳುಬಟ್ಟೆಗಾದರೆ 1ರಿಂದ 2 ಮಿ.ಮೀ., ದಪ್ಪಬಟ್ಟೆಗಾದರೆ 3 ಮಿ.ಮೀ. ಅಥವಾ ಸ್ವಲ್ಪ ಹೆಚ್ಚು ಬಿಟ್ಟು ಮೇಲುಕಾಲರನ್ನು ಕತ್ತರಿಸಿ, ಹೊಲಿಯುವಾಗ ಎರಡರ ಅಂಚುಗಳನ್ನೂ ಸೇರಿಸಿ ಹಿಡಿದುಕೊಳ್ಳಿ. ಇಂಟರ್‌ಫೇಸಿಂಗ್ ಮೇಲುಕಾಲರ್‌ಗೇ ಬರಲಿ, ಒಳಗಿನ ಮಾರ್ಜಿನ್ನಿನ (ಹೊಲಿಗೆಯಾಚೆ ಉಳಿಯುವ ಬಟ್ಟೆಯ) ಉಬ್ಬು ಹೊರಗೆ ಅಚ್ಚು ಮೂಡುವುದನ್ನು ಅದು ತಡೆಯುತ್ತದೆ. ಹೊಲಿದ ಮೇಲೆ ಮಾರ್ಜಿನ್ನಿನ ಎರಡು ಪದರಗಳನ್ನು ಒಂದೇ ಅಳತೆಗೆ ಕತ್ತರಿಸದೆ ಮೆಟ್ಟಿಲಿನಂತೆ ಒಂದನ್ನು ಇನ್ನೊಂದಕ್ಕಿಂತ ಕಿರಿದು ಮಾಡಿ. ಮೂಲೆಯಲ್ಲಿ ಇಂಟರ್‌ಫೇಸಿಂಗನ್ನು ಹೊಲಿಗೆಯ ಗೆರೆಯ ಒಳಗೇ ಓರೆಯಾಗಿ ಕತ್ತರಿಸಿ ತೆಗೆದರೆ ತುದಿ ಚೂಪಾಗಿ ತಿರುಗುತ್ತದೆ.

ಈಗಿರುವ ಅಂಗಿಯನ್ನು ಏನು ಮಾಡುವುದೆಂದೂ ಕೇಳಿದ್ದೀರಿ. ಒದ್ದೆಬಟ್ಟೆಯನ್ನು ಹಾಸಿ ಎರಡೂ ಬದಿಯಿಂದ ಬಲವಾಗಿ ಒತ್ತಿ ನೋಡಿ. ಅರೆಬರೆ ಅಂಟಿಕೆಯೇ ಕಾರಣವಾಗಿದ್ದರೆ ಗುಳ್ಳೆ ಇಳಿದು ಕೆಲಕಾಲ ನಿಂತೀತು. ಕುಗ್ಗಿದ್ದೇ ಕಾರಣವಾಗಿದ್ದರೆ ಇಳಿಯುವುದಿಲ್ಲ. ಆಗ ಕಾಲರನ್ನು ಸ್ಟ್ಯಾಂಡಿನಿಂದ (ಅದು ಕೂರುವ ಕುತ್ತಿಗೆಪಟ್ಟಿಯಿಂದ) ಬಿಚ್ಚಿ ಹೊಸದನ್ನು ಹೊಲಿದು ಕೂರಿಸುವುದೊಂದೇ ದಾರಿ. ಅಂಗಿ ಚೆನ್ನಾಗಿದ್ದರೆ ಆ ಕೆಲಸ ಅಷ್ಟೇನೂ ದೊಡ್ಡದಲ್ಲ.

ಜಾಕೆಟ್ಟಿನ ವಿಷಯಕ್ಕೆ ಬರುತ್ತೇನೆ. ನೀವು ಲೈನಿಂಗನ್ನು, ಎಂದರೆ ಒಳಗಿನ ಅಸ್ತರನ್ನು, ಹೊರಬಟ್ಟೆಯ ಅಳತೆಗೇ ಕತ್ತರಿಸಿದ್ದಾಗಿ ಬರೆದಿದ್ದೀರಿ. ಅಲ್ಲಿಯೇ ಇದೆ ಮೂಲ. ಲೈನಿಂಗ್ ಬಟ್ಟೆಯ ನೇಯ್ಗೆ ಒತ್ತಾಗಿರುತ್ತದೆ, ತೋಳು ಚಾಚಿದಾಗ ಹೊರಬಟ್ಟೆ ಹಿಗ್ಗುವಷ್ಟು ಅದು ಹಿಗ್ಗುವುದಿಲ್ಲ. ಅದಕ್ಕಾಗಿ ಬೆನ್ನಿನ ನಡುವೆ ಮಡಿಕೆಯೊಂದನ್ನು ಬಿಡಬೇಕು: ಲೈನಿಂಗಿನ ಹಿಂಭಾಗವನ್ನು ನಡುಗೆರೆಯಿಂದ ಸುಮಾರು 2.5 ಸೆಂ.ಮೀ. ಆಚೆಗೆ ಇಟ್ಟು ಕತ್ತರಿಸಿ, ಕುತ್ತಿಗೆಯ ಬಳಿ ಮತ್ತು ಸೊಂಟದ ಬಳಿ ಮಾತ್ರ ಒಂದೆರಡು ಅಂಗುಲ ಹೊಲಿದು ನಡುವೆ ತೆರೆದಿಡಿ. ಕಂಕುಳಿನಲ್ಲಿ ಲೈನಿಂಗಿನ ಗೆರೆಯನ್ನು ಸುಮಾರು 1 ಸೆಂ.ಮೀ. ಮೇಲಕ್ಕೆ ಏರಿಸಬೇಕು, ಏಕೆಂದರೆ ಅಲ್ಲಿ ನೆಟ್ಟಗೆ ನಿಂತಿರುವ ಹೊರಬಟ್ಟೆಯ ಮಾರ್ಜಿನ್ನನ್ನು ಹತ್ತಿ ಇಳಿಯುವ ಕೆಲಸ ಲೈನಿಂಗಿನದು. ಕೆಳಅಂಚಿಗೆ ಬಂದರೆ, ಹೊರಬಟ್ಟೆಗೆ 4 ಸೆಂ.ಮೀ. ಮಡಿಕೆ ಬಿಟ್ಟಿದ್ದೀರೆಂದುಕೊಳ್ಳೋಣ: ಲೈನಿಂಗನ್ನು ಜಾಕೆಟ್ಟಿನ ಮಡಚಿದ ಅಂಚಿಗಿಂತ 1 ಸೆಂ.ಮೀ. ಕೆಳಗೆ ಬರುವಂತೆ ಕತ್ತರಿಸಿ, ಆ ಮಡಿಕೆಯ ಕಚ್ಚಾ ಅಂಚಿಗೆ 1 ಸೆಂ.ಮೀ. ಮಾರ್ಜಿನ್ ಇಟ್ಟು ಜೋಡಿಸಿ. ಮಿಕ್ಕ ಉದ್ದವು ಕೆಳಕ್ಕೆ ಮಡಚಿಕೊಂಡು ಅಂಚಿಗಿಂತ ಒಂದೂವರೆ ಸೆಂ.ಮೀ. ಮೇಲೆ ನಿಲ್ಲುತ್ತದೆ, ಹೊರಗೆ ಕಾಣುವುದಿಲ್ಲ, ಎಳೆದಾಗ ಬಿಚ್ಚಿಕೊಳ್ಳುತ್ತದೆ. ಸ್ಕರ್ಟ್‌ಗಾದರೆ ಇದರ ಗೋಜು ಬೇಡ. ಲೈನಿಂಗನ್ನು 2 ಸೆಂ.ಮೀ. ಚಿಕ್ಕದಾಗಿ ಪ್ರತ್ಯೇಕವಾಗಿಯೇ ಮಡಚಿ ಬಿಟ್ಟು, ಪಕ್ಕದ ಹೊಲಿಗೆಗಳಿಗೆ ದಾರದ ಸರಪಳಿಯಿಂದ ಕಟ್ಟಿದರಾಯಿತು.

ಸಸ್ಯದ ತಿರುಳಿನಿಂದ ಮಾಡುವ ವಿಸ್ಕೋಸ್ ಅಥವಾ ಕ್ಯೂಪ್ರೋ ನೂಲಿನ ಲೈನಿಂಗ್ ಬೆವರನ್ನು ಹೀರುತ್ತದೆ, ಮೈಗೆ ಹಿತ. ಆದರೆ ಒಗೆಯುವ ಉಡುಪಾದರೆ ಕತ್ತರಿಸುವ ಮೊದಲೇ ನೀರು ಕಾಣಿಸಬೇಕು. ಪಾಲಿಯೆಸ್ಟರ್ ಕುಗ್ಗದು, ಬಾಳಿಕೆಯೂ ಹೆಚ್ಚು, ಸೆಕೆಯೂ ಹೆಚ್ಚು. ಇನ್ನು, ಗುಂಪಿನಲ್ಲಿ ಕೆಲವರು ನಿಮಗೆ ಸಲಹೆ ಮಾಡಿರುವ ಅಂಡರ್‌ಲೈನಿಂಗ್ ಎಂಬುದು ಲೈನಿಂಗ್ ಅಲ್ಲ. ಅದರಲ್ಲಿ ಪ್ರತಿಯೊಂದು ತುಂಡಿನ ಹಿಂದೆಯೂ ಆರ್ಗಂಜಾದಂತಹ ತೆಳುಬಟ್ಟೆಯನ್ನಿಟ್ಟು, ಅಂಚಿನಲ್ಲಿ ಕಚ್ಚಾ ಹೊಲಿಗೆ ಹಾಕಿ, ಆಮೇಲೆ ಎರಡನ್ನೂ ಒಂದೇ ಬಟ್ಟೆಯೆಂದು ಭಾವಿಸಿ ಹೊಲಿಯುತ್ತಾರೆ. ಸಡಿಲ ನೇಯ್ಗೆಯ ಬಟ್ಟೆ ಜೋಲದಂತೆ ಅದು ಹಿಡಿಯುತ್ತದೆ, ಕೈಹೊಲಿಗೆಯ ಎಳೆಗಳನ್ನು ಅದಕ್ಕೇ ಸಿಕ್ಕಿಸಿದರೆ ಹೊರಗೆ ಒಂದೂ ಕಾಣುವುದಿಲ್ಲ. ನಿಮ್ಮ ಜಾಕೆಟ್ಟಿನ ಬಟ್ಟೆ ಒತ್ತಾಗಿಯೇ ಇರುವುದರಿಂದ ಅದು ಬೇಕಿಲ್ಲವೆಂದು ನನ್ನ ಅಭಿಪ್ರಾಯ.

ಲೇಸ್ ಉಬ್ಬಿ ಅಲೆಯೆದ್ದಿದೆ, ಕೆಳಗಿನ ಬಟ್ಟೆ ಚಪ್ಪಟೆಯಾಗಿದೆ ಎಂದಿದ್ದೀರಿ. ಮೇಲೆ ಹೇಳಿದ ಲಕ್ಷಣದಂತೆ ಇಲ್ಲಿ ಕುಗ್ಗಿರುವುದು ಬಟ್ಟೆ. ಲೇಸ್ ಬಹುಶಃ ಪಾಲಿಯೆಸ್ಟರ್. ಅದನ್ನು ಬಿಚ್ಚಿ, ಹೆಚ್ಚಾದ ಉದ್ದವನ್ನು ಪಕ್ಕದ ಹೊಲಿಗೆಯಲ್ಲಿ ಅಡಗಿಸಿ ಮತ್ತೆ ಹೊಲಿಯಿರಿ. ಹತ್ತಿಯ ಲೇಸ್ ಆಗಿದ್ದರೆ ಹೊಲಿಯುವ ಮೊದಲೇ ನೆನೆಸಿ, ಎಳೆಯದೆ ಚಪ್ಪಟೆಯಾಗಿ ಒಣಗಿಸಬೇಕಿತ್ತು. ಪೈಪಿಂಗ್ (ಅಂಚಿಗೆ ಹಚ್ಚುವ ಉಬ್ಬುಪಟ್ಟಿ) ಒಳಗಿನ ಹತ್ತಿ ಹುರಿಗೂ ಇದೇ ಮಾತು. ಹೊಲಿಯುವಾಗ ಲೇಸನ್ನು ಕೈಯಿಂದ ಎಳೆದು ಹಿಡಿಯುವ ಅಭ್ಯಾಸ ಅನೇಕರಿಗಿದೆ, ಸೂಜಿಯಿಂದ ಆಚೆ ಬಂದೊಡನೆ ಅದು ಹಿಂದಕ್ಕೆ ಕುಗ್ಗಿ ಬಟ್ಟೆಯನ್ನು ನೆರಿಗೆ ಮಾಡುತ್ತದೆ. ಗಾಢಬಣ್ಣದ ಪಟ್ಟಿಯಾದರೆ ಒದ್ದೆಯಾದ ಬಿಳಿಬಟ್ಟೆಯಿಂದ ತಿಕ್ಕಿ ಬಣ್ಣ ಬಿಡುವುದೇ ಎಂದು ನೋಡಿಕೊಳ್ಳಿ.

ಹೊಸ ಕಾಲರ್ ಹೊಲಿಯುವಾಗ ಸ್ಟ್ಯಾಂಡಿನ ಕಾಜಾ ಅಡ್ಡಕ್ಕಿರಲಿ, ಮುಂಪಟ್ಟಿಯ ಕಾಜಾಗಳು ಉದ್ದಕ್ಕಿರಲಿ. ಗುಂಡಿಯ ವ್ಯಾಸಕ್ಕೆ ಅದರ ದಪ್ಪವನ್ನು ಕೂಡಿಸಿದರೆ ಕಾಜಾದ ಉದ್ದ ಸಿಗುತ್ತದೆ. ಅಂಗಿಗೆ ಸಾಮಾನ್ಯವಾಗಿ ಹಾಕುವ 18 ಲೈನಿನ ಗುಂಡಿಯ ವ್ಯಾಸ ಸುಮಾರು 11.5 ಮಿ.ಮೀ. ಆಗುತ್ತದೆ, ಏಕೆಂದರೆ 40 ಲೈನ್ ಸೇರಿದರೆ ಒಂದು ಅಂಗುಲ. ಪಟ್ಟಿಯ ಎರಡೂ ಬದಿಗೆ, ಎಂದರೆ ಗುಂಡಿ ಕೂರುವ ಕಡೆಗೂ, ಇಂಟರ್‌ಫೇಸಿಂಗ್ ಹಾಕಿ. ಲಿನನ್ನಿನಂತಹ ಬಟ್ಟೆಯಲ್ಲಿ ಅದಿಲ್ಲದೆ ಗುಂಡಿ ಹೊಲಿದರೆ ಎಳೆಗಳು ಸರಿದು ತೂತು ಬೀಳುತ್ತದೆ. ಜಾಕೆಟ್ಟಿನ ಲೈನಿಂಗ್ ಯಾವ ನೂಲಿನದೆಂದು ತಿಳಿಸಿದರೆ, ಬಿಚ್ಚದೆಯೇ ಕೆಳಅಂಚನ್ನು ಸಡಿಲಿಸಲು ಸಾಧ್ಯವೇ ಎಂದು ನೋಡಿ ಹೇಳುತ್ತೇನೆ.