ಹೀರೋ, ವಿಲನ್ ಮತ್ತು ಮಾತು ಬಿಟ್ಟ ಅಕ್ಕ ತಮ್ಮ

ಆಪ್ತಸಮಾಲೋಚನೆಗೆ ನನ್ನ ಬಳಿ ಬಂದಿದ್ದ ಇಬ್ಬರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು, ಊರು, ಕೆಲಸ ಯಾವುದನ್ನೂ ಹೇಳುವುದಿಲ್ಲ. ಜಗಳಕ್ಕೆ ಕಾರಣವಾದ ಸಿನಿಮಾದ ಹೆಸರನ್ನೂ ಬಿಟ್ಟಿದ್ದೇನೆ. ಅದರ ಕಥೆಯನ್ನು ಗುರುತು ಸಿಗದ ಹಾಗೆ ಬದಲಾಯಿಸಿದ್ದೇನೆ. "ನೌಕೆಯ ಹೆಸರೊಂದು ಸಿಕ್ಕರೆ ಸಾಕು ಮೇಡಂ, ಅಭಿಮಾನಿಗಳು ನಮ್ಮನ್ನ ಪತ್ತೆ ಹಚ್ಚಿಬಿಡ್ತಾರೆ" ಅಂತ ತಮ್ಮ ಮೊದಲೇ ಎಚ್ಚರಿಸಿದ್ದರು.

ಬಂದವರು ಅಕ್ಕ ಮತ್ತು ತಮ್ಮ. ಇಬ್ಬರೂ ದುಡಿಯುವ ವಯಸ್ಸಿನವರು. ಒಂದು ಬಾಹ್ಯಾಕಾಶ ಸಾಹಸ ಸಿನಿಮಾದ ಎರಡನೇ ಭಾಗ ನೋಡಿ ಬಂದ ಮೇಲೆ ಮಾತು ಬಿಟ್ಟಿದ್ದರು. ತಿಂಗಳುಗಳೇ ಕಳೆದಿದ್ದವು. ಕಳಿಸಿದ್ದು ಅಕ್ಕನ ಗಂಡ. "ಸಿನಿಮಾ ಸುಮ್ನೆ ನೆಪ. ಒಳಗೆ ಬೇರೇನೋ ಇದೆ, ಅದನ್ನ ಹೊರಗೆ ತೆಗೀರಿ" ಅಂತ ಫೋನಿನಲ್ಲಿ ಹೇಳಿದ್ದರು.

ಜಗಳ ಅರ್ಥವಾಗಬೇಕಾದರೆ ಕಥೆ ಸ್ವಲ್ಪ ಗೊತ್ತಿರಬೇಕು. ಮೊದಲ ಭಾಗದಲ್ಲಿ ಒಬ್ಬ ಕ್ಯಾಪ್ಟನ್. ಅವನ ನೌಕೆ ಒಂದೇ ನೆಗೆತಕ್ಕೆ ಒಂದು ನಕ್ಷತ್ರದಿಂದ ಇನ್ನೊಂದಕ್ಕೆ ಹಾರುತ್ತದೆ. ಆದರೆ ಒಂದು ಸಲ ನೆಗೆದರೆ ಎಂಜಿನ್ ಇಡೀ ದಿನ ತಣ್ಣಗಾಗಬೇಕು. ಎರಡು ವಸಾಹತುಗಳ ಮೇಲೆ ಒಟ್ಟಿಗೆ ದಾಳಿ ನಡೆದಾಗ ಅವನು ಒಂದನ್ನು ಮಾತ್ರ ಉಳಿಸಬಲ್ಲ. ಆರಿಸಿಕೊಳ್ಳುತ್ತಾನೆ. ಇನ್ನೊಂದನ್ನು ವಿಲನ್ ಜನರ ಸಮೇತ ಸುಟ್ಟುಹಾಕುತ್ತಾನೆ. ಎರಡನೇ ಭಾಗದಲ್ಲಿ ಕ್ಯಾಪ್ಟನ್ ಬೇರೆ ಹೆಸರಿಟ್ಟುಕೊಂಡು ಯಾವುದೋ ನಿಲ್ದಾಣದಲ್ಲಿ ಸರಕು ಹೊರುತ್ತಿದ್ದಾನೆ. ಯುದ್ಧಕ್ಕೆ ಕರೆದರೆ ಬರುವುದಿಲ್ಲ ಅನ್ನುತ್ತಾನೆ. ವಿಲನ್‌ಗೆ ಮನಸ್ಸು ಬದಲಾಗುತ್ತದೆ. ಅವನು ಸಾಯುವಾಗ ಕ್ಯಾಪ್ಟನ್ ಅವನನ್ನು ಕ್ಷಮಿಸುತ್ತಾನೆ. ಕ್ಲೈಮ್ಯಾಕ್ಸ್‌ನಲ್ಲಿ ಅದೇ ಹಳೆಯ ನೌಕೆ ಒಂದರ ಹಿಂದೆ ಒಂದರಂತೆ ಮೂರು ಸಲ ನೆಗೆಯುತ್ತದೆ.

ಅಕ್ಕನಿಗೆ ಸಿನಿಮಾ ತುಂಬಾ ಹಿಡಿಸಿತ್ತು. ತಮ್ಮನಿಗೆ ಮೈ ಉರಿದಿತ್ತು.

ಇಲ್ಲಿಯವರೆಗೆ ಏನೂ ತೊಂದರೆ ಇಲ್ಲ. ಇಂಥ ಸಿನಿಮಾಗಳ ಎರಡನೇ ಭಾಗ ಬಂದಾಗ ಅಭಿಮಾನಿಗಳು ಎರಡು ಪಾಲಾಗುವುದು ಮಾಮೂಲು. 2017ರಲ್ಲಿ 'ಸ್ಟಾರ್ ವಾರ್ಸ್: ದಿ ಲಾಸ್ಟ್ ಜೆಡೈ' ಬಂದಾಗ ಶುರುವಾದ ವಾದ ಇವತ್ತಿಗೂ ಮುಗಿದಿಲ್ಲ. ಅಕ್ಕ ತಮ್ಮನ ಮಧ್ಯೆ ಕೆಟ್ಟದ್ದು ಆಮೇಲೆ ಬಂದ ಎರಡು ವಾಕ್ಯಗಳಿಂದ. ತಮ್ಮ ಹೇಳಿದ್ದು: "ಆ ನಟ ನೋಡೋಕೆ ಚೆನ್ನಾಗಿದ್ದಾನೆ, ಅದಕ್ಕೇ ನೀನು ಅವನ ಕೊಲೆಗಳನ್ನೆಲ್ಲ ಮಾಫಿ ಮಾಡಿದ್ದೀಯ." ಅಕ್ಕ ಹೇಳಿದ್ದು: "ನಿನ್ನ ಹೀರೋ ಸೋತರೆ ನಿನಗೆ ತಡ್ಕೊಳ್ಳೋಕೆ ಆಗಲ್ಲ. ನೀನು ಇನ್ನೂ ಹತ್ತು ವರ್ಷದ ಹುಡುಗನಾಗೇ ಉಳಿದಿದ್ದೀಯ."

ಆಮೇಲೆ ನೋಟ್‌ಬುಕ್ಕಿನ ವಿಷಯ ಬಂತು. ಮೊದಲ ಭಾಗ ನೋಡಿದ ಕಾಲದಿಂದ ಇಬ್ಬರೂ ಸೇರಿ ಒಂದು ದಪ್ಪ ಪುಸ್ತಕ ತುಂಬಿಸಿದ್ದರು. ಗ್ರಹಗಳ ನಕ್ಷೆ, ನೌಕೆಯ ಒಳಗಿನ ಚಿತ್ರ, ಒಂದು ಗ್ರಹದಿಂದ ಇನ್ನೊಂದಕ್ಕೆ ಎಷ್ಟು ನೆಗೆತ, ಎಷ್ಟು ದಿನ ಅನ್ನುವ ಪಟ್ಟಿ. ಲೆಕ್ಕ ತಮ್ಮನದು, ಜನರ ಕಥೆ ಅಕ್ಕನದು. ಜಗಳದ ದಿನ ತಮ್ಮ ಅದನ್ನು ಎತ್ತಿಕೊಂಡು ಹೋಗಿಬಿಟ್ಟರು. ಅಕ್ಕ ವಾಪಸ್ ಕೇಳಿದ್ದಕ್ಕೆ ಬಂದ ಉತ್ತರ, "ಇನ್ನು ಅದಕ್ಕೆ ಬೆಲೆ ಇಲ್ಲ."

ಮೊದಲ ಭೇಟಿಯಲ್ಲಿ ನಾನು ಮನೆಯ ಬಗ್ಗೆ ಕೇಳಿದೆ. ಕೇಳಲೇಬೇಕಾದ ಪ್ರಶ್ನೆಗಳವು. ಆಸ್ತಿ ಜಗಳ ಇಲ್ಲ, ಹಳೆಯ ಗಾಯ ಅಂಥದ್ದೇನಿಲ್ಲ, ತಂದೆ ತಾಯಿ ಇಬ್ಬರನ್ನೂ ಚೆನ್ನಾಗೇ ಬೆಳೆಸಿದ್ದಾರೆ. ಅಕ್ಕ ನಗುತ್ತಲೇ ಕೇಳಿದರು: "ಎಲ್ಲದರ ಹಿಂದೆ ಅಪ್ಪ ಅಮ್ಮ ಇರಲೇಬೇಕಾ ಮೇಡಂ?"

ಇರಬೇಕಾಗಿಲ್ಲ. ನಮ್ಮ ವೃತ್ತಿಯಲ್ಲಿ ಅಗೆಯುವ ಚಟ ಸ್ವಲ್ಪ ಜಾಸ್ತಿ. ಸಿನಿಮಾ ಬಗ್ಗೆ ಸಿಟ್ಟು ಅಂದರೆ ಸಿನಿಮಾ ಬಗ್ಗೆ ಅಲ್ಲ, ಬೇರೆ ಯಾವುದರ ಬಗ್ಗೆಯೋ ಅಂತ ಹುಡುಕಲು ಹೊರಡುತ್ತೇವೆ. ಇವರಿಬ್ಬರೂ ಒಬ್ಬರಿಗೊಬ್ಬರು ಮಾಡಿಕೊಂಡಿದ್ದು ಇದನ್ನೇ ಅಲ್ವಾ? ನೀನು ಹೀಗೆ ಹೇಳುತ್ತಿರುವುದು ಆ ನಟನ ಮುಖ ನೋಡಿ, ನೀನು ಹಾಗೆ ಹೇಳುತ್ತಿರುವುದು ಬುದ್ಧಿ ಬೆಳೆಯದೆ ಇರುವುದರಿಂದ. ವಾದಕ್ಕೆ ಉತ್ತರ ಕೊಡುವುದನ್ನು ಬಿಟ್ಟು ವಾದ ಮಾಡಿದವರಿಗೆ ಕಾಯಿಲೆ ಹಚ್ಚಿದ್ದರು. ನಾನೂ ಅದೇ ಮಾಡಿದರೆ ಕಾಯಿಲೆ ಹಚ್ಚುವವರು ಮೂವರಾಗುತ್ತಾರೆ ಅಷ್ಟೇ. ಹಾಗಾಗಿ ನಾನು ಸಿನಿಮಾದ ಬಗ್ಗೆಯೇ ಮಾತಾಡಲು ನಿರ್ಧರಿಸಿದೆ.

ಇದಕ್ಕೆ ವೃತ್ತಿಯ ಒಳಗಿನ ಆಧಾರವೂ ಇದೆ. ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಅನ್ನುವ ಸಂಶೋಧಕರು 1956ರಲ್ಲೇ ಬರೆದಿದ್ದರು: ಪರದೆಯ ಮೇಲೆ ಮತ್ತೆ ಮತ್ತೆ ಕಾಣುವ ವ್ಯಕ್ತಿಯ ಜೊತೆ ನೋಡುಗರಿಗೆ ಪರಿಚಯಸ್ಥರ ಜೊತೆಗಿನಂಥದ್ದೇ ನಂಟು ಬೆಳೆಯುತ್ತದೆ, ಆದರೆ ಅದು ಒಂದೇ ಕಡೆಯಿಂದ. ಹುಚ್ಚರಿಗೆ ಮಾತ್ರ ಆಗುವುದಲ್ಲ ಇದು. ಇಪ್ಪತ್ತು ವರ್ಷ ಜೊತೆಗಿದ್ದ ಕ್ಯಾಪ್ಟನ್ ಸರಕು ಹೊರುವುದನ್ನು ನೋಡಿ ಒಬ್ಬ ಮನುಷ್ಯನಿಗೆ ನಿಜಕ್ಕೂ ನೋವಾಗಬಹುದು. ಆ ನೋವಿಗೆ "ಸಿನಿಮಾ ತಾನೇ, ಬಿಡು" ಅನ್ನುವುದು ಸಮಾಧಾನವಲ್ಲ. ಬಾಯಿ ಮುಚ್ಚಿಸುವ ದಾರಿ ಅದು.

ಇಬ್ಬರಿಗೂ ಬೇರೆ ಬೇರೆಯಾಗಿ ಒಂದು ಕೆಲಸ ಕೊಟ್ಟೆ. ಕೊನೆಯ ಅರ್ಧ ಗಂಟೆಯಲ್ಲಿ ಏನೇನಾಯಿತು ಅಂತ ಅಭಿಪ್ರಾಯ ಬೆರೆಸದೆ ಬರೆದು ತನ್ನಿ ಅಂದೆ. ಬಂದದ್ದು ಎರಡು ಸಿನಿಮಾ! ಅಕ್ಕನ ಬರಹದಲ್ಲಿ ಮೂರು ನೆಗೆತ ಇರಲೇ ಇಲ್ಲ. ತಮ್ಮನ ಬರಹದಲ್ಲಿ ವಿಲನ್ ಒಂದು ಹಡಗಿನ ಜನರನ್ನು ಬಿಡಿಸುವ ದೃಶ್ಯ ಇರಲಿಲ್ಲ. ಆಗ ಅವರಿಗೆ ಹಾಸ್ಟಾರ್ಫ್ ಮತ್ತು ಕ್ಯಾಂಟ್ರಿಲ್ ಅನ್ನುವ ಮನಶ್ಶಾಸ್ತ್ರಜ್ಞರ ಹಳೆಯ ಅಧ್ಯಯನ ಹೇಳಿದೆ. 1951ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ ಮತ್ತು ಡಾರ್ಟ್‌ಮತ್ ಕಾಲೇಜಿನ ನಡುವೆ ಒರಟಾದ ಅಮೆರಿಕನ್ ಫುಟ್‌ಬಾಲ್ ಪಂದ್ಯ ನಡೆಯಿತು. ಅದರ ಫಿಲ್ಮನ್ನು ಎರಡೂ ಕಡೆಯ ವಿದ್ಯಾರ್ಥಿಗಳಿಗೆ ತೋರಿಸಿ ತಪ್ಪುಗಳನ್ನು ಎಣಿಸಲು ಹೇಳಿದರು. ಡಾರ್ಟ್‌ಮತ್ ತಂಡದ ತಪ್ಪುಗಳನ್ನು ಅದರ ವಿದ್ಯಾರ್ಥಿಗಳು ಎಣಿಸಿದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಪ್ರಿನ್ಸ್‌ಟನ್‌ನವರು ಎಣಿಸಿದ್ದರು. ಫಿಲ್ಮ್ ಒಂದೇ. ಯಾರೂ ಸುಳ್ಳು ಹೇಳಿರಲಿಲ್ಲ. ತಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಅಕ್ಕ ಬೇಕಂತ ಬಿಟ್ಟಿದ್ದಲ್ಲ" ಅಂದರು. ನನಗೆ ಬೇಕಾಗಿದ್ದು ಅಷ್ಟೇ.

ಮುಂದಿನ ಭೇಟಿಗೆ ಇಬ್ಬರನ್ನೂ ಒಟ್ಟಿಗೆ ಕೂರಿಸಿದೆ. ನಿಯಮ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಅವರದು, 1950ರ ದಶಕದ ಆರಂಭದ್ದು: ಎದುರಿನವರು ಹೇಳಿದ್ದನ್ನು ನೀವು ನಿಮ್ಮ ಮಾತಿನಲ್ಲಿ ಹೇಳಬೇಕು, ಅವರು "ಹೌದು, ನಾನು ಹೇಳಿದ್ದು ಅದೇ" ಅಂದ ಮೇಲಷ್ಟೇ ನಿಮ್ಮ ಸರದಿ. ಕೇಳಲು ಮಕ್ಕಳಾಟದಂತೆ ಇದೆ. ಕೂತು ಮಾಡಿ ನೋಡಿದರೆ ಕಷ್ಟ ಗೊತ್ತಾಗುತ್ತದೆ.

ಅಕ್ಕನ ಮೊದಲ ಪ್ರಯತ್ನ: "ನಿನಗೆ ಎಂಜಿನ್ ಲೆಕ್ಕ ತಪ್ಪಿದ್ದು ಬೇಜಾರು." ತಮ್ಮ ತಲೆ ಅಲ್ಲಾಡಿಸಿದರು. "ವಿಜ್ಞಾನ ತಪ್ಪಾಗಿದೆ ಅಂತ?" ಅದೂ ಅಲ್ಲ.

ಇಲ್ಲಿ ತಮ್ಮ ಹೇಳಿದ್ದನ್ನು ಪೂರ್ತಿ ಬರೆಯಬೇಕು, ಏಕೆಂದರೆ ಅಭಿಮಾನಿಗಳ ಈ ದೂರನ್ನು ಜನ ಯಾವಾಗಲೂ ಹಗುರವಾಗಿ ತೆಗೆದುಕೊಳ್ಳುತ್ತಾರೆ. ವಿಜ್ಞಾನದ ತಪ್ಪಿಗೆ ಅವರದ್ದೇನೂ ಆಕ್ಷೇಪ ಇಲ್ಲ. ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಹತ್ತಿರದ ನಕ್ಷತ್ರಕ್ಕೆ ಸುಮಾರು 4.2 ಜ್ಯೋತಿರ್ವರ್ಷ. ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ಓಡುವ ನಾಸಾದ ನೌಕೆ ವಾಯೇಜರ್-1ರ ವೇಗದಲ್ಲಿ ಹೋದರೆ 70,000 ವರ್ಷಕ್ಕೂ ಜಾಸ್ತಿ ಬೇಕು. ಹಾಗಾಗಿ ನಕ್ಷತ್ರದಿಂದ ನಕ್ಷತ್ರಕ್ಕೆ ಹಾರುವ ಯಾವ ಸಾಹಸ ಕಥೆಯೂ ಮೋಸ ಮಾಡಲೇಬೇಕು. ನಿರ್ವಾತದಲ್ಲಿ ಸ್ಫೋಟದ ಸದ್ದು ಕೇಳಿಸುವುದಿಲ್ಲ ಅಂತ ಗೊತ್ತಿದ್ದೂ ನಾವು ಕೇಳುತ್ತೇವೆ. "ಆ ಮೋಸಕ್ಕೆ ನಾನು ಟಿಕೆಟ್ ತಗೊಳ್ಳುವಾಗಲೇ ಒಪ್ಪಿದ್ದೀನಿ ಮೇಡಂ. ಆದರೆ ಎಂಜಿನ್ ಒಂದು ದಿನ ತಣ್ಣಗಾಗಬೇಕು ಅಂದಿದ್ದು ಅವರೇ. ಈಗ ಮೂರು ಸಲ ಸತತವಾಗಿ ನೆಗೀತು ಅಂದ್ರೆ, ಮೊದಲ ಭಾಗದಲ್ಲಿ ಎರಡೂ ವಸಾಹತು ಉಳಿಸಬಹುದಿತ್ತು ಅಂತಾಯ್ತು. ಆ ಜನ ಸುಮ್ನೆ ಸತ್ತರು. ಕ್ಯಾಪ್ಟನ್ ಅಷ್ಟು ವರ್ಷ ಒದ್ದಾಡಿದ್ದಕ್ಕೆ ಅರ್ಥ ಇಲ್ಲ."

ಲೋಕ ಕಟ್ಟುವ ಕಥೆಗಳಲ್ಲಿ ನಿಯಮಕ್ಕೆ ಇರುವ ಕೆಲಸ ಇದೇ. ಅದು ಪಾತ್ರಗಳಿಗೆ ಆಯ್ಕೆಯ ಬೆಲೆ ಗೊತ್ತುಮಾಡುತ್ತದೆ. ಎರಡನೇ ಭಾಗದಲ್ಲಿ ನಿಯಮ ಮುರಿದರೆ ಪೆಟ್ಟು ಬೀಳುವುದು ಮೊದಲ ಭಾಗಕ್ಕೆ. ತಮ್ಮನನ್ನು ನೋಯಿಸಿದ್ದು ಇದು.

ಅಕ್ಕ ಇದನ್ನು ತಿರುಗಿ ಹೇಳುತ್ತಾ ಹೇಳುತ್ತಾ ಮಧ್ಯದಲ್ಲಿ ನಿಂತರು. ಅವರಿಗೆ ಇಷ್ಟವಾಗಿದ್ದೇ ಕುಸಿದುಹೋದ ಕ್ಯಾಪ್ಟನ್. ಒಂದು ಊರನ್ನು ಆರಿಸಿ ಇನ್ನೊಂದನ್ನು ಸಾಯಲು ಬಿಟ್ಟವನು ಮೊದಲಿನಂತೆ ಎದೆ ಉಬ್ಬಿಸಿಕೊಂಡು ತಿರುಗಲು ಸಾಧ್ಯವೇ ಇಲ್ಲ ಅನ್ನುವುದು ಅವರ ವಾದ. ಆ ಕುಸಿತ ನಿಂತಿರುವುದೂ ತಣ್ಣಗಾಗದ ಎಂಜಿನ್ ಮೇಲೆಯೇ! ನಿಯಮ ಸುಳ್ಳಾದರೆ ಅಕ್ಕನ ಹೀರೋ ಕೂಡ ಸುಳ್ಳಾಗುತ್ತಾನೆ. "ಅಯ್ಯೋ, ಇವನು ನನ್ನ ಪರವಾಗೇ ಮಾತಾಡ್ತಿದ್ದಾನೆ" ಅಂದರು. ತಮ್ಮ ಒಪ್ಪಲಿಲ್ಲ. ಒಪ್ಪಲು ಅವರಿಗೆ ಇನ್ನೊಂದು ಭೇಟಿ ಬೇಕಾಯಿತು.

ವಿಲನ್ ವಿಷಯ ಅಷ್ಟು ಸುಲಭವಾಗಿರಲಿಲ್ಲ. ಅಕ್ಕನ ವಾದವನ್ನು ತಮ್ಮ "ನೀನು ಕೊಲೆಗಾರನನ್ನು ಕ್ಷಮಿಸಿದ್ದೀಯ" ಅಂತ ಎಷ್ಟು ಸಲ ಹೇಳಿದರೂ ಅಕ್ಕ ಹೌದು ಅನ್ನಲಿಲ್ಲ. ಕೊನೆಗೆ ಅವರೇ ಬಿಡಿಸಿ ಹೇಳಿದರು. ಅವನು ಯಾಕೆ ಹಾಗಾದ ಅನ್ನುವುದು ತನಗೆ ಅರ್ಥವಾಯಿತು. ಅರ್ಥವಾಗಿದ್ದು ಇಷ್ಟವಾಯಿತು. ಕ್ಷಮಿಸಿದ್ದು ತಾನಲ್ಲ, ಕ್ಯಾಪ್ಟನ್. ಅರ್ಥ ಮಾಡಿಕೊಳ್ಳುವುದು ಮತ್ತು ಕ್ಷಮಿಸುವುದು ಒಂದೇ ಅಲ್ಲ. ಮನೆ ಜಗಳಗಳಲ್ಲಿ ನಾನು ಈ ಗೊಂದಲವನ್ನು ಆಗಾಗ ನೋಡುತ್ತೇನೆ. ಒಬ್ಬರ ಕಾರಣ ಕೇಳಿಸಿಕೊಂಡರೆ ಅವರನ್ನು ಕ್ಷಮಿಸಿಬಿಟ್ಟಂತೆ ಅಂತ ಹೆದರಿ ಕೇಳಿಸಿಕೊಳ್ಳುವುದನ್ನೇ ನಿಲ್ಲಿಸುತ್ತಾರೆ.

ತಮ್ಮ ಆಗ ಒಂದು ಒಳ್ಳೆಯ ಪ್ರಶ್ನೆ ಎತ್ತಿದರು. ಕ್ಷಮಿಸುವ ಹಕ್ಕು ಕ್ಯಾಪ್ಟನ್‌ಗೆ ಎಲ್ಲಿಂದ ಬಂತು? ಸುಟ್ಟುಹೋದ ವಸಾಹತಿನಿಂದ ಒಬ್ಬರಾದರೂ ತೆರೆಯ ಮೇಲೆ ಬಂದು ಮಾತಾಡಿದರಾ? ಇಲ್ಲ. ಅಕ್ಕನ ಬಳಿ ಇದಕ್ಕೆ ಉತ್ತರ ಇರಲಿಲ್ಲ. ನನ್ನನ್ನು ಕೇಳಿದರೆ ಆ ಸಿನಿಮಾದ ದೊಡ್ಡ ಕೊರತೆ ಇದೇ, ಮೂರು ನೆಗೆತವಲ್ಲ. ಆದರೆ ನನ್ನ ತೀರ್ಪನ್ನು ಅಲ್ಲಿ ಹೇಳಲಿಲ್ಲ. ಹೇಳಿದ್ದರೆ ಯಾರೋ ಒಬ್ಬರು ಗೆದ್ದು ಮನೆಗೆ ಹೋಗುತ್ತಿದ್ದರು.

ಒಂದು ವಿಷಯದಲ್ಲಿ ಮಾತ್ರ ನಾನು ಮಧ್ಯದಲ್ಲಿ ನಿಲ್ಲಲಿಲ್ಲ. ಸಿನಿಮಾ ನೋಡಿದ ರಾತ್ರಿ ತಮ್ಮ ಸಿಟ್ಟಿನಲ್ಲಿ ಹೊಸ ಪೈಲಟ್ ಪಾತ್ರ ಮಾಡಿದ ನಟಿಗೆ ನೇರವಾಗಿ ಕೆಟ್ಟ ಮೆಸೇಜ್ ಕಳಿಸಿದ್ದರು. "ಅವರು ಓದೋದೇ ಇಲ್ಲ, ಸಾವಿರ ಜನ ಕಳಿಸ್ತಾರೆ" ಅನ್ನುವುದು ಅವರ ಸಮರ್ಥನೆ. ಸಾವಿರ ಜನ ಕಳಿಸುವುದೇ ಸಮಸ್ಯೆ ಅಂದೆ. 1999ರ ಸ್ಟಾರ್ ವಾರ್ಸ್ ಸಿನಿಮಾದಲ್ಲಿ ಜಾರ್ ಜಾರ್ ಬಿಂಕ್ಸ್ ಪಾತ್ರ ಮಾಡಿದ ಅಹ್ಮದ್ ಬೆಸ್ಟ್, ಜನರ ಹೀಯಾಳಿಕೆ ತಾಳಲಾರದೆ ಸಾಯುವ ಯೋಚನೆ ಬಂದಿತ್ತು ಅಂತ 2018ರಲ್ಲಿ ಬಹಿರಂಗವಾಗಿ ಹೇಳಿಕೊಂಡರು. 'ದಿ ಲಾಸ್ಟ್ ಜೆಡೈ'ಯಲ್ಲಿ ನಟಿಸಿದ ಕೆಲ್ಲಿ ಮೇರಿ ಟ್ರಾನ್ ಅದೇ ವರ್ಷ, ತಿಂಗಳುಗಟ್ಟಲೆ ಕಿರುಕುಳದ ನಂತರ, ತಮ್ಮ ಇನ್‌ಸ್ಟಾಗ್ರಾಮ್ ಪೋಸ್ಟ್‌ಗಳನ್ನೆಲ್ಲ ಅಳಿಸಿದರು. ಪಾತ್ರ ಬರೆದವರು ಬೇರೆ, ಹೊಡೆತ ತಿಂದವರು ಬೇರೆ. ತಮ್ಮ ಈಗ ಆ ಮೆಸೇಜನ್ನು ಅಳಿಸಿದ್ದಾರೆ. ಕ್ಷಮೆ ಕೇಳಿ ಇನ್ನೊಂದು ಮೆಸೇಜ್ ಹಾಕಲಾ ಅಂದರು. ಬೇಡ ಅಂದೆ. ಅದು ಅವರ ಸಮಾಧಾನಕ್ಕೆ ಆಗುತ್ತದೆ ಹೊರತು ಆ ನಟಿಗೆ ಏನೂ ಉಪಯೋಗವಿಲ್ಲ.

ಕೊಟ್ಟ ಸಲಹೆ ದೊಡ್ಡದೇನಲ್ಲ. ವಾದ ನಿಲ್ಲಿಸಬೇಡಿ, ಅದು ನಿಮ್ಮಿಬ್ಬರ ನಂಟಿನ ಬಹುಪಾಲು. ಆದರೆ ಮೆಸೇಜಿನಲ್ಲಿ ಬೇಡ, ದನಿ ಕೇಳಿಸುವ ಹಾಗೆ ಫೋನಿನಲ್ಲೋ ಎದುರಲ್ಲೋ ಮಾಡಿ. ಸಿನಿಮಾ ನೋಡಿದ ರಾತ್ರಿಯೇ ತೀರ್ಪು ಬೇಡ. ಶುರು ಮಾಡುವ ಮೊದಲು ಇವತ್ತು ಯಾವುದರ ಬಗ್ಗೆ ಮಾತು ಅಂತ ಹೇಳಿಬಿಡಿ: ತೆರೆಯ ಮೇಲೆ ಏನಾಯಿತು ಅನ್ನುವುದಾ, ಆ ಲೋಕದ ನಿಯಮಕ್ಕೆ ಹೊಂದುತ್ತದಾ ಅನ್ನುವುದಾ, ಅದು ನ್ಯಾಯವಾ ಅನ್ನುವುದಾ. ಒಂದಕ್ಕೆ ಇನ್ನೊಂದರ ಉತ್ತರ ಕೊಟ್ಟರೆ ಜಗಳ ಖಾತ್ರಿ. "ನೀನು ಹೀಗೆ ಹೇಳೋದು ಯಾಕೆ ಅಂದ್ರೆ" ಅಂತ ಶುರುವಾಗುವ ವಾಕ್ಯ ಬಾಯಿಗೆ ಬಂದರೆ ಅಲ್ಲೇ ನುಂಗಿ. ಯಾರಾದರೂ ನುಂಗದಿದ್ದರೆ ಇನ್ನೊಬ್ಬರು ಅವತ್ತಿನ ಮಾತು ಮುಗಿಸಬಹುದು, ಕಾರಣ ಕೊಡಬೇಕಾಗಿಲ್ಲ.

ನೋಟ್‌ಬುಕ್ ಬಗ್ಗೆಯೂ ಕೇಳಿದರು. ಎರಡನೇ ಭಾಗ ಬಂದ ಮೇಲೆ ಅದರ ಪಟ್ಟಿಗಳೆಲ್ಲ ತಪ್ಪು, ಇಟ್ಟುಕೊಂಡು ಏನು ಮಾಡುವುದು ಅಂತ. ಸ್ಟಾರ್ ವಾರ್ಸ್‌ನಲ್ಲಿ 2014ರಲ್ಲಿ ಇಂಥದ್ದೇ ಆಗಿತ್ತು. ಅಲ್ಲಿಯವರೆಗೆ ಬಂದಿದ್ದ ಕಾದಂಬರಿ, ಕಾಮಿಕ್ಸ್‌ಗಳ ಬಹುಪಾಲನ್ನು ಮಾಲೀಕರೇ 'ಲೆಜೆಂಡ್ಸ್' ಅಂತ ಕರೆದು ಅಧಿಕೃತ ಕಥೆಯಿಂದ ಹೊರಗಿಟ್ಟರು. ಆದರೂ ಆ ಪುಸ್ತಕಗಳನ್ನು ಜನ ಓದುತ್ತಲೇ ಇದ್ದಾರೆ. ನಿಮ್ಮ ಪುಸ್ತಕಕ್ಕೆ ಸ್ಟುಡಿಯೋ ಯಾವತ್ತೂ ಮುದ್ರೆ ಒತ್ತಿರಲಿಲ್ಲ, ಈಗ ಕಿತ್ತುಕೊಳ್ಳಲು ಅವರ ಬಳಿ ಏನಿದೆ ಅಂದೆ.

ಈಗ ಇಬ್ಬರೂ ಮಾತಾಡುತ್ತಾರೆ. ಪುಸ್ತಕ ತಿಂಗಳಿಗೊಮ್ಮೆ ಕೈ ಬದಲಾಗುತ್ತದೆ. ಸುಟ್ಟುಹೋದ ವಸಾಹತಿನಿಂದ ಬದುಕುಳಿದವರ ಅಧ್ಯಾಯವನ್ನು ಅಕ್ಕ ಶುರು ಮಾಡಿದ್ದಾರೆ. ಅದರಲ್ಲಿ ವಿಲನ್‌ಗೆ ಒಂದು ಪುಟ ಕೊಡಬೇಕು ಅಂತ ಅವರು, ಒಂದು ಸಾಲೂ ಕೊಡಬಾರದು ಅಂತ ತಮ್ಮ. ಅದಿನ್ನೂ ಇತ್ಯರ್ಥವಾಗಿಲ್ಲ. ಅದಕ್ಕಾಗಿ ಮತ್ತೆ ನನ್ನ ಬಳಿ ಬರುವ ಅಗತ್ಯ ಇಲ್ಲ ಅಂತ ಇಬ್ಬರಿಗೂ ಹೇಳಿ ಫೈಲ್ ಮುಚ್ಚಿದ್ದೇನೆ.